ಚೆಂಡು ಹಿಡಿದು ಕೂತ ಗಂಡ

ಕಾಳಜಿ ಮಾಡುವ ಗಂಡಸಿನಷ್ಟು ಕಾಟ ಕೊಡುವ ಪ್ರಾಣಿ ಬೇರೊಂದಿಲ್ಲ ಎಂಬುದು ನನ್ನ ಹೆಂಡತಿ ಶೈಲಾಳ ಅಭಿಪ್ರಾಯ. ಹೆಂಡತಿ ಬಸುರಿಯಾದಾಗ ಕೆಲವರು ತೊಟ್ಟಿಲು ನೋಡುತ್ತಾರೆ, ಕೆಲವರು ಹೆಸರು ಹುಡುಕುತ್ತಾರೆ. ನಾನು ನಿದ್ದೆ ಬಿಟ್ಟೆ. ಅವಳು ಕೆಮ್ಮಿದರೆ ಎದ್ದು ಕೂರುತ್ತಿದ್ದೆ. ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂದು ಎದ್ದು ಕೂರುತ್ತಿದ್ದೆ. ಮೊದಲನೆಯ ಸಲ ಮೂರನೇ ತಿಂಗಳಲ್ಲೇ ಗರ್ಭ ಇಳಿದುಹೋಗಿತ್ತು. ಆ ಬಗ್ಗೆ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಅವಳು ಸುಮ್ಮನಿರುತ್ತಿದ್ದಳು, ನಾನು ಮನೆ ತುಂಬ ಓಡಾಡುತ್ತಿದ್ದೆ.

ಏಳನೇ ತಿಂಗಳಲ್ಲಿ ಸತ್ತೂರಿನ ಡಾಕ್ಟರು, "ಸ್ವಲ್ಪ ವ್ಯಾಯಾಮ ಮಾಡ್ರಿ, ಛಲೋ ಆಗತೈತಿ" ಅಂದರು. ಬೆಂಗೇರಿಯಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಸುರಿಯರೆಲ್ಲ ಕೂಡಿ ವ್ಯಾಯಾಮ ಮಾಡುವ ಕ್ಲಾಸು ಇತ್ತು. ಭಾನುವಾರ ಗಂಡಂದಿರೂ ಬರಬಹುದು ಎಂದಿದ್ದರಂತೆ. ಬಂದ ಗಂಡ ನಾನೊಬ್ಬನೇ.

ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ಸೊಂಟ ತಿರುಗಿಸಬೇಕಿತ್ತು. ಶೈಲಾ ಆರಾಮಾಗಿ ಕೂತಿದ್ದಳು. ನಾನು ಕೆಳಗೆ ಕುಕ್ಕರಗಾಲಲ್ಲಿ ಕೂತು ಚೆಂಡನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದೆ. "ರೀ, ಬಿಡ್ರಿ, ಚೆಂಡು ಅಳ್ಳಾಡವಲ್ದು" ಎಂದಳು. ಬಿಡಲಿಲ್ಲ. ಪಕ್ಕದವರ ಚೆಂಡೂ ಜಾರುತ್ತದೇನೋ ಎಂದು ಅತ್ತಲೂ ಒಂದು ಕೈ ಚಾಚಿದೆ. ಆಗ ಕ್ಲಾಸು ನಡೆಸುವ ವಿದ್ಯಾ ಮೇಡಂ ಮೆಲ್ಲಗೆ ಹತ್ತಿರ ಬಂದು, "ಸರ, ನಿಮ್ಮನ್ನ ನೋಡಿ ಎಲ್ಲಾರೂ ಉಸಿರು ಹಿಡಕೊಂಡು ಕುಂತಾರ. ಉಸಿರು ಬಿಡೋದು ಕಲಸಾಕ ನಾ ಇಲ್ಲಿ ಒದ್ದಾಡಾಕತ್ತೇನಿ. ನೀವು ಆ ಮೂಲ್ಯಾಗ ಚಾಪಿ ಮ್ಯಾಲೆ ಸ್ವಲ್ಪ ಮಲಗ್ರಿ" ಎಂದರು.

ಅಪಮಾನವಾಯಿತು. ಆದರೂ ಮಲಗಿದೆ, ಒಂದು ಕಣ್ಣು ಶೈಲಾಳ ಮೇಲೆ ಇಟ್ಟುಕೊಂಡೇ. "ಕಾಲು ಸಡಿಲ ಬಿಡ್ರಿ, ಭುಜ ಸಡಿಲ ಬಿಡ್ರಿ" ಎಂದು ಮೇಡಂ ಹೇಳುತ್ತಿದ್ದುದು ಬಸುರಿಯರಿಗೋ ನನಗೋ ತಿಳಿಯಲಿಲ್ಲ.

ಎಚ್ಚರವಾದಾಗ ಕೋಣೆ ಖಾಲಿ. ನನ್ನ ನಿದ್ದೆ ಕೆಡಬಾರದೆಂದು ಬಸುರಿಯರೆಲ್ಲ ಸಪ್ಪಳ ಮಾಡದೆ ಇಳಿದುಹೋಗಿದ್ದರಂತೆ. ಶೈಲಾ ಒಬ್ಬಳೇ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು.

"ಎಬ್ಬಿಸಬಾರದಿತ್ತೇನ?" ಎಂದೆ.

"ಎಷ್ಟು ದಿನಾ ಆಗಿತ್ರಿ ನೀವು ಹಿಂಗ ಮಲಗಿ" ಎಂದಳು. ಚಾಪೆಯ ಅಂಚು ಸರಿಮಾಡುತ್ತ, "ನನಗೂ ಅಂಜಿಕಿ ಐತ್ರಿ. ಇಬ್ಬರೂ ಕೂಡೇ ಅಂಜಿಕೋತ ಕುಂತ್ರ ಚಹಾ ಮಾಡೋರು ಯಾರು?" ಅಂದಳು.

ಏಳಲು ಹೋದರೆ ಕಾಲು ಜೋಮು ಹಿಡಿದಿತ್ತು. ಏಳು ತಿಂಗಳ ಬಸುರಿಯೇ ಕೈ ಕೊಟ್ಟು ಎಬ್ಬಿಸಿದಳು.

ಮಗಳು ಸುಖವಾಗಿ ಹುಟ್ಟಿದಳು. ಹೆರಿಗೆಯ ದಿನ ನಾನು ಬಹಳ ಧೈರ್ಯವಾಗಿದ್ದೆ ಎಂದು ಬಂದವರ ಮುಂದೆಲ್ಲ ಹೇಳುತ್ತೇನೆ. ಶೈಲಾ ಅಡ್ಡ ಬರುವುದಿಲ್ಲ. ಆದರೆ ಮಗಳಿಗೆ ಲಸಿಕೆ ಹಾಕಿಸಲು ಅದೇ ಆಸ್ಪತ್ರೆಗೆ ಹೋದಾಗಲೆಲ್ಲ, ಹೆರಿಗೆಯ ದಿನ ಅಲ್ಲಿದ್ದ ನರ್ಸಕ್ಕ ಮೊದಲು ನನಗೊಂದು ಕುರ್ಚಿ ಎಳೆದುಹಾಕಿ, "ಕುಂತಕೋರಿ ಸರ, ಈಗ ಚಕ್ಕರ್ ಬಂದು ಬೀಳೋದು ಕಡಿಮಿ ಆಗೈತೇನ್ರಿ?" ಎಂದು ಕೇಳುತ್ತಾಳೆ.