ಮೇಷ್ಟ್ರು ಲೀನರಾದದ್ದು

ಕೊಳಲು ಮೇಷ್ಟ್ರು ಹಲ್ಲುಜ್ಜುತ್ತಿದ್ದಾಗ ಪಕ್ಕದ ಮನೆಯ ಹೊಲಿಗೆಯಮ್ಮ ಹೂಗೊಂಚಲು ಹಿಡಿದು ಅಳುತ್ತಾ ಬಂದವರು ಬಾಗಿಲಲ್ಲೇ ಕಲ್ಲಾಗಿ ನಿಂತರು.

"ಅಯ್ಯೋ ಮೇಷ್ಟ್ರೇ, ಇದ್ದೀರಾ! ಪೇಪರ್‌ನಲ್ಲಿ ಹೋಗ್ಬಿಟ್ರಿ ಅಂತ ಹಾಕಿದಾರೆ. ಇರಲಿ ಬಿಡಿ, ಹೂವು ಹೂದಾನಿಗಾದ್ರೂ ಆಯ್ತು."

ನಿಧನದ ಅಂಕಣದಲ್ಲಿ ಮೇಷ್ಟ್ರ ಫೋಟೋ. ಕೆಳಗೆ ಒಂದೇ ಸಾಲು: 'ಕೊಳಲು ಮೇಷ್ಟ್ರು ಲೀನರಾದರು.' ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

"ಸತ್ತದ್ದು ಹಾಳಾಗ್ಲಿ! ಫೋಟೋ ತಿರುಗಿಸಿ ಹಾಕಿ, ಕೊಳಲನ್ನ ಎಡಕ್ಕೆ ಹಿಡಿಸಿದ್ದಾರಲ್ಲಮ್ಮ!"

ಅಷ್ಟರಲ್ಲಿ ರೇಡಿಯೋ ನಿಲಯದ ಅಧಿಕಾರಿಯ ಫೋನು. ಹನ್ನೊಂದು ವರ್ಷ ಅರ್ಜಿ ಹಾಕಿ ಹಾಕಿ ದಕ್ಕಿದ್ದ ಇವತ್ತು ರಾತ್ರಿ ಎಂಟರ ಕಾರ್ಯಕ್ರಮ ರದ್ದಾಗಿತ್ತು.

"ಮಾತಾಡ್ತಿರೋದು ನಾನೇ ಸ್ವಾಮಿ!"

"ಇರಬಹುದು ಸಾರ್. ಆದ್ರೆ ಪೇಪರ್‌ನಲ್ಲಿ ಬಂದಿದೆಯಲ್ಲ. ತಿದ್ದುಪಡಿನೂ ಅಲ್ಲೇ ಬರಲಿ, ಆಮೇಲೆ ನೋಡೋಣ."

ಮೇಷ್ಟ್ರು ಕೊಳಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಪತ್ರಿಕಾಲಯಕ್ಕೆ ಓಡಿದರು. ಉಪಸಂಪಾದಕರು ಅವರನ್ನು ಅಕ್ಷರದೋಷ ಹುಡುಕುವ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಬದುಕಿದ್ದೀನಿ ಅನ್ನೋದು ನಿಮ್ಮ ಹೇಳಿಕೆ. ಇನ್ನೊಂದು ಮೂಲದಿಂದ ಖಚಿತ ಆಗದೆ ನಾವು ಏನನ್ನೂ ಹಾಕಲ್ಲ. ಎಲ್ಲಿ, ಸ್ವಲ್ಪ ಊದಿ."

"ಮೊದಲು ಆ ಫ್ಯಾನು ಆರಿಸಿ. ಅಪಸ್ವರದಲ್ಲಿ ತಿರುಗ್ತಿದೆ."

ವರದಿಗಾರ ಮಾತ್ರ ಓಡಿಬಂದು ಕುರ್ಚಿ ಹಾಕಿದ, ನೀರು ಕೊಟ್ಟ. ಪಾಪ, ಅವನ ಕಣ್ಣು ಕೆಂಪಾಗಿತ್ತು.

"ಸಾರ್, ನಿನ್ನೆಯ ನಿಮ್ಮ ಕೊಳಲು ಕಛೇರಿ ಬಗ್ಗೆ 'ಮೇಷ್ಟ್ರು ನಾದದಲ್ಲಿ ಲೀನರಾದರು' ಅಂತ ಮನಸಾರೆ ಬರೆದಿದ್ದೆ. ಜಾಗ ಸಾಲಲಿಲ್ಲ ಅಂತ ಇವರು ನಾದ ಕತ್ತರಿಸಿದ್ರು. ಉಳಿದದ್ದು ನಿಧನಕ್ಕೆ ಹೋಯ್ತು."

"ನಾದವೂ ಬೇಡ, ಗೀದವೂ ಬೇಡ! ನಾನು ಲೀನ ಆಗಿಲ್ಲ ಅಂತ ಹಾಕಿ, ಸಾಕು!"

"ಇದು ನಿಮ್ಮದೇ ಮಾತು ತಾನೆ?" ಉಪಸಂಪಾದಕರು ಒಂದಕ್ಷರವೂ ಬಿಡದೆ ಬರೆದುಕೊಂಡರು. "ಇಲ್ಲಿ ರುಜು ಹಾಕಿ."

ಮೇಷ್ಟ್ರು ಗೆದ್ದವರಂತೆ ರುಜು ಹಾಕಿದರು.

ಸಂಜೆಯ ಆವೃತ್ತಿಯಲ್ಲಿ, ಮುಖಪುಟದಲ್ಲೇ, ದಪ್ಪಕ್ಷರದಲ್ಲಿ ಬಂತು:

'ತಿದ್ದುಪಡಿ: ನಿನ್ನೆಯ ಕಛೇರಿಯಲ್ಲಿ ಕೊಳಲು ಮೇಷ್ಟ್ರು ನಾದದಲ್ಲಿ ಲೀನರಾದರು ಎಂಬ ನಮ್ಮ ವರದಿಗಾರರ ಅಭಿಪ್ರಾಯ ತಪ್ಪು. ತಾವು ಲೀನರಾಗಿರಲೇ ಇಲ್ಲವೆಂದು ಮೇಷ್ಟ್ರೇ ಬರೆದುಕೊಟ್ಟಿದ್ದಾರೆ. ಪ್ರಮಾದಕ್ಕೆ ವಿಷಾದಿಸುತ್ತೇವೆ.'

ಮೇಷ್ಟ್ರು ಮೂರನೆಯ ಸಲ ಓದುತ್ತಿದ್ದಾಗ ರೇಡಿಯೋ ಅಧಿಕಾರಿಯ ಫೋನು ಬಂತು.

"ತಿದ್ದುಪಡಿ ನೋಡಿದ್ವಿ ಸಾರ್. ಬದುಕಿದ್ದೀರಿ, ಬಹಳ ಸಂತೋಷ. ಆದ್ರೆ ಲೀನರಾಗದವರ ಕೊಳಲಿಗಿಂತ ಬೆಳಿಗ್ಗೆ ಸಿದ್ಧಮಾಡಿಟ್ಟ ನಿಮ್ಮ ಶ್ರದ್ಧಾಂಜಲಿನೇ ವಾಸಿ ಅಂತ ಮೇಲಿನವರು ತೀರ್ಮಾನ ಮಾಡಿದ್ರು. ಎಂಟು ಗಂಟೆಗೆ, ತಪ್ಪದೆ ಕೇಳಿ."