ಹಗೇವಿನ ದನಿ

ಶಿವನು ಹೆಣ್ಣುಮಕ್ಕಳಿಗೆ ದನಿ ಹಂಚಲು ಕೂತಾಗ ತಂಗೆವ್ವನ ಸರದಿ ಕಟ್ಟಕಡೆಗೆ ಬಂತೆಂದು ಮುರಗೋಡದ ಹಿರಿಯರು ಹೇಳುತ್ತಿದ್ದರು. ಅಷ್ಟೊತ್ತಿಗೆ ಸಣ್ಣ ದನಿಗಳೆಲ್ಲ ತೀರಿ, ಬುಟ್ಟಿಯ ತಳದಲ್ಲಿ ಒಂದೇ ಒಂದು ದಪ್ಪ ದನಿ ಉಳಿದಿತ್ತಂತೆ. ನಂದಿಗೆಂದು ತೆಗೆದಿಟ್ಟದ್ದು ಅದು. ನಂದಿ ಮೊದಲೇ ಮೌನಿ, ತನಗೆ ಬೇಡವೆಂದು ತಲೆ ಅಲ್ಲಾಡಿಸಿತು. ಶಿವ ಅದನ್ನೇ ಇವಳ ಉಡಿಯಲ್ಲಿ ಹಾಕಿ, ಹೋಗಿ ಬಾ ಮಗಳೇ ಅಂದ.

ಆ ದನಿಯಿಂದ ನಲವತ್ತು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಹುಟ್ಟಿದ್ದು ಪ್ಲೇಗು ಊರು ಬಿಟ್ಟುಹೋದ ಮೂರನೆಯ ವರ್ಷ, ಅವಳ ತಮ್ಮನ ಮಗಳು ಬಾಯವ್ವನ ಸುರಗಿಯ ದಿನ ಮುಂಜಾನೆ, ಅರಿಶಿನ ಕುಟ್ಟುವ ಒರಳಿನ ಮುಂದೆ.

ಸುರಗಿಯೆಂದರೆ ಮದುವೆಯ ಹಿಂದಿನ ದಿನದ ನೀರು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಎರೆಯುತ್ತಾರೆ. ಮೊದಲ ತಂಬಿಗೆ ನೀರು ಹಾಕುವುದು ಗಂಡಿನ ಮನೆಯ ಹಿರಿಯ ಮುತ್ತೈದೆ. ಆದರೆ ಅದಕ್ಕೂ ಮೊದಲು ಹೆಣ್ಣಿನ ಸೋದರತ್ತೆ ಪದ ಎತ್ತಬೇಕು. ಪದ ಏಳದೆ ನೀರು ಬೀಳಬಾರದು. ತಂಗೆವ್ವನಿಗೆ ಮಕ್ಕಳಿರಲಿಲ್ಲ. ಬಾಯವ್ವನನ್ನು ತೊಡೆಯ ಮೇಲೆ ಹಾಕಿಕೊಂಡು, ಆ ದಪ್ಪ ದನಿಯಲ್ಲೇ ಜೋಗುಳ ಹಾಡಿ ಮಲಗಿಸಿದವಳು ಅವಳೇ. ಬೇರೆ ಯಾರು ಹಾಡಿದರೂ ಕೂಸು ಕಣ್ಣು ಮುಚ್ಚುತ್ತಿರಲಿಲ್ಲ. ಹದಿನಾರು ವರ್ಷದಿಂದ ತಂಗೆವ್ವ ದೇವರ ಮುಂದೆ ಬೇಡಿಕೊಂಡದ್ದು ಒಂದೇ: ಈ ಕೂಸಿನ ಸುರಗಿಗೆ ನಾನು ಪದ ಎತ್ತುವಂತಾಗಲಿ.

ಮುಂಜಾನೆ ಅರಿಶಿನ ಕುಟ್ಟುತ್ತ ಆ ಪದದ ಒಂದು ನುಡಿಯನ್ನು ಸುಮ್ಮನೆ ಗುನುಗಿದಳು. ಹೊರಗೆ ಪಡಸಾಲೆಯಲ್ಲಿ ಗಂಗಯ್ಯ ಮಜ್ಜಿಗೆ ಕುಡಿಯುತ್ತಿದ್ದರು. ಸಂಬಂಧ ಕೂಡಿಸಿದ ಅಯ್ಯನವರು ಇವರೇ. ಬೀಗರ ಗಾಡಿಗಳು ಇಳಿಹೊತ್ತಿಗೆ ಬರುತ್ತವೆಂದು ತಿಳಿಸಲು ಕಟಕೋಳದಿಂದ ಮೊದಲೇ ಬಂದಿದ್ದರು. ಅವರ ಕೈಯೊಳಗಿನ ಲೋಟ ಅರ್ಧ ದಾರಿಯಲ್ಲಿ ನಿಂತಿತು.

"ಏನ್ರವ್ವಾ, ನಿಮ್ಮೂರಾಗ ಅರಿಶಿಣ ಗಂಡಸರು ಕುಟ್ಟತಾರೇನು? ಒಳಗ ಯಾರೋ ಹಿರೇ ಮನಶ್ಯಾ ಹಾಡಾಕ ಹತ್ತ್ಯಾನ."

ಬಾಯವ್ವನ ತಾಯಿ ರಾಚವ್ವ ಒಳಗಿನಿಂದ ಓಡಿ ಬಂದಳು. ಹೆಂಗಸರ ನಡುವೆ ಗಂಡಸು ಕೂತಿದ್ದಾನೆಂದು ಬೀಗರ ಊರಿನಲ್ಲಿ ಮಾತು ಹುಟ್ಟಿದರೆ ಮದುವೆಯ ಗತಿ ಏನು? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಇಲ್ರಿ ಅಯ್ಯನವರ, ಅದು ಬೀಸೂಕಲ್ಲು."

"ಕಲ್ಲು ಚಲೋ ಹಾಡತೈತಿ ಬಿಡ್ರಿ," ಎಂದು ಗಂಗಯ್ಯ ಮೀಸೆಗೆ ಹತ್ತಿದ ಮಜ್ಜಿಗೆ ಒರೆಸಿಕೊಂಡರು. "ಆದರ ನಮ್ಮ ರಾಯವ್ವ ಆಯಿ ಮುಂದ ಪದ ಚೊಕ್ಕ ಇರಬೇಕ್ರಿ. ಎಂಟು ವರ್ಷಾತು, ಯಾವ ಮದುವಿ ಪದಾನೂ ಆಕಿ ಮನಸಿಗೆ ಬಂದಿಲ್ಲ. ಹೋದಲ್ಲೆಲ್ಲಾ ಮಾರಿ ಗಂಟ ಹಾಕ್ಕೊಂಡು ಎದ್ದು ಬರತಾಳ."

ರಾಯವ್ವನೆಂದರೆ ವರನ ಅಜ್ಜಿ, ಆ ಮನೆಯ ಯಜಮಾನಿ. ಮೊದಲ ತಂಬಿಗೆ ಹಿಡಿಯುವ ಕೈ ಅವಳದೇ.

ಅಯ್ಯನವರು ಬಿಡಾರಕ್ಕೆ ಹೋದದ್ದೇ ತಡ, ಅಡಿಗೆಮನೆಯಲ್ಲಿ ಪಂಚಾಯಿತಿ ಕೂತಿತು. ನಡುವೆ ತಂಗೆವ್ವ, ಸುತ್ತ ಓಣಿಯ ಹೆಂಗಸರು. ರಾಚವ್ವ ಕಣ್ಣಲ್ಲಿ ನೀರು ತಂದುಕೊಂಡಳು. ನಾದಿನಿಯೆಂದರೆ ಅವಳಿಗೆ ಜೀವ. ಆದರೆ ಮಗಳ ಮದುವೆಯೂ ಜೀವವೇ.

ಆಗ ಪಕ್ಕದ ಮನೆಯ ಲಗಮವ್ವ, ಬೇಕಾದರೆ ಪದ ತಾನು ಎತ್ತುತ್ತೇನೆಂದಳು. ಅವಳ ದನಿ ಎಷ್ಟು ಸಣ್ಣದೆಂದರೆ, ಅವಳು ಹಾಡಿದರೆ ಮೇಲಿನ ಜಂತಿಯೊಳಗಿನ ಗುಬ್ಬಿಗಳು ತಮ್ಮ ಪೈಕಿ ಯಾರೋ ಕರೆದರೆಂದು ಇಳಿದು ಬರುತ್ತಿದ್ದವು. ಪಂಚಾಯಿತಿ ಒಪ್ಪುವಂತೆ ತಲೆ ತೂಗಿತು. ತಂಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಹೊತ್ತು ಮುಣಗೂತನಕ ವ್ಯಾಳ್ಯಾ ಕೊಡ್ರಿ. ದನಿ ಸಣ್ಣ ಮಾಡ್ಕೊಂಡು ಬರತೇನಿ," ಅಂದಳು, ಜೋಳ ಹಸನು ಮಾಡಿಕೊಂಡು ಬರುತ್ತೇನೆ ಅನ್ನುವಷ್ಟು ಸರಳವಾಗಿ.

ಓಣಿಗೆ ಅಷ್ಟೇ ಬೇಕಾಗಿತ್ತು. ಒಬ್ಬಳು ಮೆಣಸಿನ ಕಷಾಯ ಕಾಸಿ ತಂದಳು. ಅದು ಗಂಟಲಿಗಿಳಿದು, ಕಣ್ಣಿನಲ್ಲಿ ಹೊರಬಂತು. ಇನ್ನೊಬ್ಬಳು ಹುಣಸೆಹಣ್ಣಿನ ಉಂಡಿ ನುಂಗಿಸಿದಳು. ಮೂರನೆಯವಳು, ದನಿ ಕೆಳಗಿಳಿಯುವುದೇ ತುರುಬು ಸಡಿಲಾದ್ದರಿಂದ ಎಂದು ಹೇಳಿ, ತಂಗೆವ್ವನ ಕೂದಲನ್ನು ಹಿಂದಕ್ಕೆ ಜಗ್ಗಿ ಎಷ್ಟು ಬಿಗಿದಳೆಂದರೆ ಹುಬ್ಬು ಹಣೆಯ ನಡುವಿಗೆ ಹೋದವು. ಇಡೀ ಮುಂಜಾನೆ ತಂಗೆವ್ವ ಯಾವುದನ್ನೋ ನೋಡಿ ಬೆರಗಾದವಳ ಹಾಗೆ ಓಡಾಡಿದಳು. ದನಿ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಚಪ್ಪರದಲ್ಲಿ ಭಜನೆಗೆ ಹಾರ್ಮೋನಿಯಂ ಪೇಟಿ ಹೊಂದಿಸುತ್ತಿದ್ದ ನಿಜಗುಣಪ್ಪ ಮಾಸ್ತರನನ್ನು ಕರೆಸಿದರು. ಬೆಳಗಾವಿಯಿಂದ ತಂದ ಪೇಟಿ ಅವನದು. ಊರಿನಲ್ಲಿ ದನಿಯ ವಿಷಯಕ್ಕೆ ಅವನೇ ಕೋರ್ಟು.

ಮಾಸ್ತರ ಪೇಟಿಯ ಕರಿ ಕೀಲಿಗಳಲ್ಲಿ ನಾಲ್ಕನೆಯ ಮನೆಯನ್ನು ಒತ್ತಿ, ಹೆಂಗಸರ ದನಿ ಸಾಮಾನ್ಯವಾಗಿ ಇಲ್ಲಿ ಕೂರುತ್ತದೆ, ಕೂರ್ರಿ ಅಂದ. ತಂಗೆವ್ವ ಕೂರಲಿಲ್ಲ. ಮನೆ ಮನೆ ಇಳಿದ. ಕರಿ ಎರಡು ಬಂತು, ಕರಿ ಒಂದು ಬಂತು. ಅದು ಅವನ ಸ್ವಂತದ ಮನೆ. ಅವನು ಎದೆಯುಬ್ಬಿಸಿ ಭಜನೆ ಹಾಡುವುದು ಅಲ್ಲಿಂದ. ತಂಗೆವ್ವ ಅದನ್ನೂ ದಾಟಿ, ಇನ್ನೊಂದು ಮನೆ ಕೆಳಗೆ ಹೋಗಿ ಆರಾಮಾಗಿ ಕೂತಳು. ಮಾಸ್ತರ ಪೇಟಿಯಿಂದ ಕೈ ತೆಗೆದ. ತನ್ನದಕ್ಕಿಂತ ಕೆಳಗಿನ ದನಿಯನ್ನು ಅವನು ಹೆಂಗಸರಲ್ಲಿ ಕಂಡಿದ್ದು ಅದೇ ಮೊದಲು.

"ಅಕ್ಕಾರ, ಹೆಣ್ಣ ದನ್ಯಾಗ ಮೂರು ನಮೂನಿ ಅದಾವು," ಎಂದ ಕೊನೆಗೆ. "ಲಗಮವ್ವಂದು ಸೂಜಿ ದನಿ, ಚುಚ್ಚತೈತಿ. ರಾಚವ್ವಂದು ತಂಬಿಗಿ ದನಿ, ಹಿಡದಷ್ಟು ಹಿಡೀತೈತಿ. ನಿಮ್ಮದು ನೆಲದಾಗ ಜ್ವಾಳಾ ತುಂಬೂ ಹಗೇವಿನ ದನಿ. ಎಷ್ಟು ಇಳದರೂ ತಳಾ ಸಿಗೂದಿಲ್ಲ."

"ಉಪಾಯ ಹೇಳ್ರಿ ಮಾಸ್ತರ."

ಉಪಾಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ರೂಢಿಯೂ ಇರಲಿಲ್ಲ. ಬಾವಿಯ ತಣ್ಣೀರಿನಲ್ಲಿ ಕುತ್ತಿಗೆಮಟ ನಿಂತು ಒಂದು ತಾಸು ಹಾಡಿದರೆ ದನಿ ಮುದುಡಿ ಸಣ್ಣಗಾಗುತ್ತದೆ, ಹಸೀ ಬಟ್ಟೆ ಮುದುಡಿದ ಹಾಗೆ ಎಂದ. ಅವನ ಗುರುಗಳ ಗುರುಗಳು ಹೇಳಿದ್ದಂತೆ.

ತಂಗೆವ್ವನ ಗಂಡ ಕಾಡಪ್ಪನ ಹೊಲ ಕಟಕೋಳದ ದಾರಿಯ ಮಗ್ಗುಲಿಗೇ ಇತ್ತು. ಹೊಲದಲ್ಲಿ ಮೆಟ್ಟಿಲ ಬಾವಿ. ಕಾಡಪ್ಪ ಮಾತು ಕಡಿಮೆಯ ಮನುಷ್ಯ. ಹೆಂಡತಿ ಸೀರೆ ಸಮೇತ ನೀರಿಗಿಳಿಯುವುದನ್ನು ನೋಡಿ, ಬಾವಿಯ ದಂಡೆಯ ಮೇಲೆ ಕಾವಲು ಕೂತು ತಂಬಾಕು ತಿಕ್ಕತೊಡಗಿದ.

ತಂಗೆವ್ವ ಕಣ್ಣು ಮುಚ್ಚಿ ಶಿವನನ್ನು ನೆನೆದು ಎತ್ತಿದಳು:

"ನಾಕು ಮೂಲಿಗಿ ನಾಕು ತಂಬಿಗಿ ಇಟ್ಟೇವ,
ನಡುವ ಕುಂತಾಳ ನಮ ಕೂಸು..."

ಮೊದಲೇ ದಪ್ಪ ದನಿ, ಅದಕ್ಕೆ ಬಾವಿಯ ಕಲ್ಲಿನ ಗೋಡೆ ಸೇರಿತು. ಪದ ಗೋಡೆಯಿಂದ ಗೋಡೆಗೆ ಬಡಿದು, ಮಾತೆಲ್ಲ ಕರಗಿ, ಬರೀ ಹೂಂಕಾರವಾಗಿ ಮೇಲೆ ಬಂತು. ಅದೇ ಹೊತ್ತಿಗೆ ದಾರಿಯಲ್ಲಿ ಬೀಗರ ನಾಲ್ಕು ಗಾಡಿ ಬರುತ್ತಿದ್ದವು. ಎತ್ತುಗಳು ಕಿವಿ ನಿಮಿರಿಸಿ ನಿಂತುಬಿಟ್ಟವು. ಪಾಪ, ಯಾರದೋ ಎಮ್ಮೆ ಬಾವಿಗೆ ಬಿದ್ದಿದೆಯೆಂದು ಇಬ್ಬರು ಗಟ್ಟಿಮುಟ್ಟಾದವರು ಹಗ್ಗ ತೆಗೆದುಕೊಂಡು ಓಡಿ ಬಂದರು.

ಕಾಡಪ್ಪ ಎದ್ದು ಅಡ್ಡ ನಿಂತ. ಬೀಗರು ಬಾವಿಯಲ್ಲಿ ಇಣುಕಿ, ತೊಯ್ದ ಸೀರೆಯ ಬೀಗತಿಯನ್ನು ನೋಡುವುದೆಂದರೇನು? ಮಾತು ಕಡಿಮೆಯ ಮನುಷ್ಯನಿಗೆ ಒಂದೇ ಮಾತು ಹೊಳೆಯಿತು.

"ನಮ್ಮದs ಎಮ್ಮಿ. ಸೆಕಿಗೆ ಇಳದೈತಿ. ತಾನs ಮ್ಯಾಲ ಬರತೈತಿ, ನೀವು ನಡೀರಿ."

"ಭಾಳ ಒದರಾಕ ಹತ್ತೈತಲ್ರಿ."

"ಅದರ ಸ್ವಭಾವನs ಹಂಗ."

ಗಾಡಿಗಳು ಮುಂದೆ ಹೋದವು. ತಂಗೆವ್ವ ಮೆಟ್ಟಿಲೇರಿ ಮೇಲೆ ಬಂದಳು. ಮೈಯೆಲ್ಲ ನಡುಕ, ಕಣ್ಣು ಕೆಂಡ. ಇಪ್ಪತ್ತೈದು ವರ್ಷದ ಸಂಸಾರದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ, ನಾನು ನಿಮಗ ಎಮ್ಮಿ ಆದೆನೇನು ಎಂದು ಗದರಿಸಹೋದಳು. ಬಾಯಿಂದ ಬಂದದ್ದು ಮಾತ್ರ, ಸಂಜೆಮುಂದೆ ಕಿವಿಯ ಹತ್ತಿರ ಸೊಳ್ಳೆ ಬಂದಂತೆ ಒಂದು ಸಣ್ಣ ಎಳೆ. ಕಾಡಪ್ಪ ಯಾರು ಮಾತಾಡಿದರೆಂದು ಹಿಂದೆ ಮುಂದೆ ನೋಡಿದ.

ಮೆಣಸು, ಹುಣಸೆ, ತಣ್ಣೀರು ಮೂರೂ ಸೇರಿ ದನಿಯ ತಳವನ್ನು ಕಿತ್ತುಹಾಕಿದ್ದವು. ಉಳಿದದ್ದು ಮೇಲಿನ ಅಂಚು ಅಷ್ಟೇ. ತಂಗೆವ್ವ ಸಿಟ್ಟು ಮರೆತಳು. ಅಲ್ಲೇ ಹೊಲದಲ್ಲಿ, ತೊಯ್ದ ಸೀರೆಯಲ್ಲೇ, ಊರ ಮಠದ ದಿಕ್ಕಿಗೆ ಕೈ ಮುಗಿದಳು.

ಊರಿಗೆ ಬಂದು ಒಂದು ನುಡಿ ಹಾಡಿ ತೋರಿಸಿದಾಗ ರಾಚವ್ವ ಅವಳನ್ನು ತಬ್ಬಿಕೊಂಡಳು. ಲಗಮವ್ವ ಮುಖ ಸಣ್ಣ ಮಾಡಿ, ಪರವಾಗಿಲ್ಲ ಅಂದಳು. ನಿಜಗುಣಪ್ಪ ಚಪ್ಪರದಲ್ಲಿ ಎಲ್ಲರಿಗೂ ತನ್ನ ಗುರುಗಳ ಗುರುಗಳ ವಿಷಯ ಹೇಳುತ್ತ ತಿರುಗಿದ.

ದೀಪ ಹಚ್ಚುವ ಹೊತ್ತಿಗೆ ಒಳ ಅಂಗಳದಲ್ಲಿ ಸುರಗಿ ಸುತ್ತಿದರು. ನೂಲಿನ ನಡುವೆ ಅರಿಶಿನ ಮೆತ್ತಿಕೊಂಡು ಬಾಯವ್ವ, ಪಕ್ಕದಲ್ಲಿ ವರ. ಮುಂದೆ ಮಣೆಯ ಮೇಲೆ ರಾಯವ್ವ ಆಯಿ. ಎಂಬತ್ತು ದಾಟಿದ ಜೀವ, ನೆಟ್ಟಗೆ ಕೂತಿತ್ತು. ಕೈಯಲ್ಲಿ ನೀರು ತುಂಬಿದ ತಂಬಿಗೆ.

ತಂಗೆವ್ವ ಪದ ಎತ್ತಿದಳು. ಸಣ್ಣಗೆ, ಚೊಕ್ಕಾಗಿ, ಒಂದು ನುಡಿಯೂ ತಪ್ಪದೆ ಮುಗಿಸಿದಳು. ಹೆಂಗಸರೆಲ್ಲ ಸಮಾಧಾನದ ಉಸಿರು ಬಿಟ್ಟರು. ಎಲ್ಲರೂ ಆಯಿಯ ಕೈ ನೋಡಿದರು. ಕೈ ಮೇಲೇಳಲಿಲ್ಲ.

"ಪದಾ ಯಾವಾಗ ಎತ್ತತೀರಿ?" ಎಂದಳು ರಾಯವ್ವ.

ಆಯಿಗೆ ಸಮಾಧಾನವಾಗಿಲ್ಲವೆಂದುಕೊಂಡು ಲಗಮವ್ವನೂ ದನಿ ಕೂಡಿಸಿದಳು. ಎರಡನೆಯ ಸಲ ಪದ ಜಂತಿಗೆ ಮುಟ್ಟಿತು, ಗುಬ್ಬಿಗಳು ಗಾಬರಿಯಾದವು. ರಾಯವ್ವನ ಮುಖದ ಗಂಟು ಇನ್ನೂ ಬಿಗಿಯಾಯಿತು. "ಈಗಿನ ಹೆಣಮಕ್ಕಳು ಬರೇ ಬಾಯಿ ಆಡಸ್ತಾರ. ಎಂಟು ವರ್ಷಾತು ನೋಡಾಕ ಹತ್ತೇನಿ, ಎಲ್ಲಾ ಮದುವ್ಯಾಗೂ ಇದs. ಹಾಡಾಕ ಏನು ರೊಕ್ಕಾ ಬೀಳತೈತೇನು?"

ಗಂಗಯ್ಯ ಮುಂದೆ ಬಗ್ಗಿ ರಾಚವ್ವನಿಗೆ ಮೆಲ್ಲಗೆ ಹೇಳಿದರು. ಆಯಿಗೆ ಗಂಡಸರ ಮಾತು ಕೇಳುತ್ತದೆ, ಹೆಂಗಸರ ಸಣ್ಣ ದನಿ ಎಂಟು ವರ್ಷದಿಂದ ಕೇಳುವುದಿಲ್ಲ. ಕಿವಿ ಹೋಗಿದೆಯೆಂದು ಹೇಳುವ ಧೈರ್ಯ ಕಟಕೋಳದಲ್ಲಿ ಯಾರಿಗೂ ಇಲ್ಲ.

ರಾಯವ್ವ ತಂಬಿಗೆಯನ್ನು ಕೆಳಗಿಟ್ಟಳು. "ಈ ಮನ್ಯಾಗ ಒಬ್ಬಾಕಿ ಖರೇನs ಹಾಡತಾಳ. ಹೆಣ್ಣ ನೋಡಾಕ ಬಂದಾಗ ಒಳಗ ಬೀಸೂಕಲ್ಲ ಮುಂದ ಹಾಡಾಕ ಹತ್ತಿದ್ಲು. ಕೇಳಿ ನನ್ನ ಜೀವಾ ತಣ್ಣಗಾತು. ಅದಕ್ಕs ಈ ಮನಿ ಹೆಣ್ಣ ಬೇಕು ಅಂದೆ. ಇವತ್ತೂ ದಾರ್ಯಾಗ ಒಂದ ಬಾವ್ಯಾಗ ಕೇಳಿದೆ. ಇವರು ಎಮ್ಮಿ ಅಂದ್ರು. ಎಮ್ಮಿ ಸುರಗಿ ಪದಾ ಹಾಡತೈತೇನು? ಆಕಿ ಎಲ್ಲ್ಯದಾಳ, ಕರೀರಿ. ಆಕಿ ಹಾಡೂತನಕ ನಾ ನೀರ ಹಾಕೂದಿಲ್ಲ."

ಅಂಗಳವೆಲ್ಲ ತಂಗೆವ್ವನ ಕಡೆ ತಿರುಗಿತು. ತಂಗೆವ್ವ ಬಾಯಿ ತೆರೆದಳು. ತುರುಬು ಬಿಚ್ಚಿ ನೋಡಿದಳು, ಕೆಮ್ಮಿ ನೋಡಿದಳು, ಹೊಟ್ಟೆಯಿಂದ ಎಳೆದು ನೋಡಿದಳು. ಬಂದದ್ದು ಸೊಳ್ಳೆಯೇ. ಬೀಗರ ಹಿರಿಯಳು, ಎಂಟು ವರ್ಷದ ಮೇಲೆ, ತನ್ನ ದನಿಯನ್ನು ಕೇಳಿ ಬೇಡುತ್ತಿದ್ದಾಳೆ. ಅದನ್ನು ತಾನೇ ಮಧ್ಯಾಹ್ನ ಬಾವಿಯಲ್ಲಿ ಮುಳುಗಿಸಿ ಬಂದಿದ್ದಾಳೆ. ನೂಲಿನ ನಡುವೆ ಹಸಿ ಅರಿಶಿನಕ್ಕೆ ಬಾಯವ್ವನಿಗೆ ಚಳಿ ಹತ್ತಿ ಹಲ್ಲು ಕಟಕಟ ಅನ್ನುತ್ತಿತ್ತು.

ಮುಂಜಾನೆ ಹೆಂಗಸರ ನಡುವೆ ಗಂಡಸಿನ ದನಿ ಕೇಳಿತೆಂದು ಎದೆ ಒಡೆದುಕೊಂಡಿದ್ದ ರಾಚವ್ವನೇ ಈಗ ಚಪ್ಪರಕ್ಕೆ ಓಡಿದಳು. ನಿಜಗುಣಪ್ಪ ಮಾಸ್ತರನ ತೋಳು ಹಿಡಿದು, ಹಿತ್ತಲ ಕಡೆಯಿಂದ ಎಳೆತಂದು, ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿದಳು. ಅವನು ತನಗೆ ಭಜನೆ ಮಾತ್ರ ಬರುತ್ತದೆ, ಸುರಗಿ ಪದ ಹೆಂಗಸರದು ಎಂದು ತಕರಾರು ಎತ್ತಿದ. ಗುರುಗಳ ಗುರುಗಳನ್ನು ನೆನೆದು ಸುಮ್ಮನೆ ಹಾಡೆಂದಳು ರಾಚವ್ವ.

ತಂಗೆವ್ವ ಬಾಗಿಲಿಗೆ ಬೆನ್ನು ಹಚ್ಚಿ ನಿಂತಳು. ಹಿಂದಕ್ಕೆ ಹೊರಳಿ, ಬಾಗಿಲ ಸಂದಿಗೆ ಬಾಯಿ ಹಚ್ಚಿ, ಸೊಳ್ಳೆಯ ದನಿಯಲ್ಲಿ ಒಂದೊಂದೇ ನುಡಿ ಹೇಳಿಕೊಟ್ಟಳು. ಆಮೇಲೆ ಮುಂದೆ ತಿರುಗಿ ತುಟಿ ಆಡಿಸಿದಳು. ಬಾಗಿಲ ಹಿಂದಿನಿಂದ ನಿಜಗುಣಪ್ಪ ಕರಿ ಒಂದರಲ್ಲಿ ಹಾಡಿದ.

ರಾಯವ್ವನ ಮುಖದ ಗಂಟು ಒಂದೊಂದಾಗಿ ಬಿಚ್ಚಿತು. ಕಣ್ಣು ತಾವಾಗಿ ಮುಚ್ಚಿದವು. ನೂಲಿನ ನಡುವಿನ ಬಾಯವ್ವ ಮೊದಲು ಅತ್ತೆಯ ತುಟಿ ನೋಡಿದಳು, ಆಮೇಲೆ ಬಾಗಿಲು ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ಭುಜ ಅಲುಗುತ್ತಿದ್ದವು. ನಕ್ಕಳೋ ಅತ್ತಳೋ, ಅರಿಶಿನದ ಮುಖದಲ್ಲಿ ಗೊತ್ತಾಗಲಿಲ್ಲ. ಹಾಡು ಮುಗಿಯುವಷ್ಟರಲ್ಲಿ ಮೊದಲ ತಂಬಿಗೆ ನೀರು ಮದುಮಕ್ಕಳ ನೆತ್ತಿಯ ಮೇಲೆ ಬಿತ್ತು.

ಎಲ್ಲ ಮುಗಿದ ಮೇಲೆ ರಾಯವ್ವ ತಂಗೆವ್ವನನ್ನು ಹತ್ತಿರ ಕರೆದು, ಉಡಿಯಲ್ಲಿ ಒಂದು ಇಳಕಲ್ಲ ಸೀರೆ ಹಾಕಿ, ಗದ್ದ ಹಿಡಿದಳು.

"ಪುಣ್ಯಾ ಕಟಗೊಂಡಿ ಬೀಗತಿ. ಆದರ ಖರೇ ಹೇಳಲೇನು? ಅವತ್ತಿನ ಗತ್ತು ಇವತ್ತಿಲ್ಲ. ದನಿ ಒಂಚೂರು ಸಣ್ಣ ಆಗೇತಿ. ಮಧ್ಯಾಹ್ನ ಬಾವ್ಯಾಗ ಇದ್ದಾಗ ಎಷ್ಟು ದಪ್ಪ ಇತ್ತು. ನಾಳೆ ಅಕ್ಕಿಕಾಳು ಹಾಕೂ ಮುಂದ ನನಗ ಇದs ಪದಾ ಬೇಕು. ಮುಂಜಾನೆ ಲಗೂನ ಎದ್ದು, ಆ ಬಾವ್ಯಾಗ ಕುತ್ತಿಗಿಮಟಾ ಎರಡ ತಾಸ ನಿಂತು ಬಾ. ದನಿ ಸರಿ ಆಗತೈತಿ."

ತಂಗೆವ್ವ ಸೀರೆಯನ್ನು ಎದೆಗವಚಿಕೊಂಡು, ಆಗಲೆಂದು ತಲೆ ಅಲ್ಲಾಡಿಸಿದಳು. ಆಮೇಲೆ ಮೆಲ್ಲಗೆ ಹಿಂದೆ ತಿರುಗಿದಳು. ರಾಚವ್ವನೂ ತಿರುಗಿದಳು, ಲಗಮವ್ವನೂ ತಿರುಗಿದಳು.

ಅಡಿಗೆಮನೆಯ ಬಾಗಿಲ ಹಿಂದೆ ಒಂದು ಸೀನು ಕೇಳಿತು. ನೀರಿಗಿಳಿಯುವ ಮೊದಲೇ ಮಾಸ್ತರನಿಗೆ ನೆಗಡಿ ಹತ್ತಿತ್ತು.