ಒಂಟೆಯೂ ಅಳಿಯನ ಮೂರನೇ ಮಾತೂ

ಬೆಳಗಿನ ಚಹಾಕ್ಕೆ ಇನ್ನೂ ಹಾಲು ಬಿದ್ದಿರಲಿಲ್ಲ, ಅಷ್ಟರಲ್ಲಿ ತೊಲೆಗೆನ್‌ನ ಫೋನು ಹೊಡೆದುಕೊಂಡಿತು. ಅಲ್ಮಾಟಿಯಿಂದ ಅವನ ಅಕ್ಕ ಕುಲ್ಯಾಶ್.

"ತೊಲೆಗೆನ್, ನಮ್ಮ ಎಲ್ದೋಸ್ ರಾತ್ರೀನೇ ಕಾರು ಹತ್ತಿ ನಿಮ್ಮೂರಿಗೆ ಹೊರಟಿದ್ದಾನೆ ಕಣೋ. ಊಟದ ಹೊತ್ತಿಗೆ ಬಂದುಬಿಡ್ತಾನೆ. ಮಾವನ ಹತ್ರ ಮೂರನೇ ಮಾತು ಕೇಳ್ಬೇಕು ಅಂತಿದ್ದ. ಏನು ಅಂತ ನನಗೂ ಹೇಳ್ಲಿಲ್ಲ. ಇಲ್ಲ ಅನ್ಬೇಡ, ಆಯ್ತಾ?"

"ಇಲ್ಲ ಅನ್ನೋಕಾಗುತ್ತಾ ಅಕ್ಕಾ," ಎಂದು ತೊಲೆಗೆನ್ ಫೋನಿಟ್ಟ. ಅವನ ಮುಖ ನಿನ್ನೆ ಎಣ್ಣೆಯಲ್ಲಿ ಕರಿದಿಟ್ಟ ಬೌರ್ಸಾಕಿನಂತೆ ಸೊರಗಿತ್ತು.

ಇಲ್ಲ ಅನ್ನುವಂತೆಯೇ ಇಲ್ಲ. ಅವರ ಕಡೆಯ ಪದ್ಧತಿಯಂತೆ, ಸೋದರಳಿಯನಾಗಿ ಹುಟ್ಟಿದವನು ಮಾವನ ಮನೆಯಲ್ಲಿ ಮೂರು ಸಲ ಬಾಯಿಬಿಟ್ಟು ಏನು ಬೇಕಾದರೂ ಕೇಳಬಹುದು. ಮಾವ ಕೊಡಲೇಬೇಕು. ಕೊಡದೆ ಅಳಿಯನ ಮನಸ್ಸು ನೋಯಿಸಿದರೆ ಕೈಗೆ ನಡುಕ ಹತ್ತುತ್ತದೆ ಅನ್ನುತ್ತಾರೆ. ಬೇರೆಯವರಿಗೆ ಕೈ ನಡುಗಿದರೆ ಒಂದಿಷ್ಟು ಚಹಾ ಚೆಲ್ಲೀತು, ಅಷ್ಟೇ. ತೊಲೆಗೆನ್ ತರಾಜ್ ಊರಿನ ಮದುವೆಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿ ಸಂಸಾರ ಸಾಗಿಸುವವನು. ಅವನ ಕೈ ನಡುಗಿದರೆ ಒಲೆ ಆರಿದ ಹಾಗೆ.

ಎಲ್ದೋಸ್ ಮೊದಲ ಮಾತಿನಲ್ಲಿ, ಇನ್ನೂ ಮೂಗು ಸೋರುವ ವಯಸ್ಸಿನಲ್ಲಿ, ಮಾವನ ಕೆಂಪು ಗಿಟಾರ್ ಕೇಳಿದ್ದ. ಕೊಟ್ಟ. ಅಲ್ಮಾಟಿಗೆ ಸಂಗೀತ ಕಲಿಯಲು ಹೊರಟಾಗ ಎರಡನೇ ಮಾತಿನಲ್ಲಿ ಗಿಟಾರಿನ ದನಿ ಬದಲಿಸಲು ಕಾಲಲ್ಲಿ ಒತ್ತುವ ಪೆಡಲುಗಳನ್ನೆಲ್ಲ ಚೀಲದ ಸಮೇತ ಕೇಳಿದ್ದ. ಅದನ್ನೂ ಕೊಟ್ಟ. ಇನ್ನು ಆ ಮನೆಯಲ್ಲಿ ಗಿಟಾರ್ ನುಡಿಸುವವನ ಕಣ್ಣು ಬೀಳುವಂಥದ್ದು ಉಳಿದಿದ್ದು ಒಂದೇ. ಒಂಟೆ.

ಒಂಟೆ ಅಂದರೆ ತೊಲೆಗೆನ್‌ನ ಹಳೇ ಆಂಪ್ಲಿಫೈಯರ್. ಕಂದು ಮರದ ಪೆಟ್ಟಿಗೆ, ಮೇಲೊಂದು ಡುಬ್ಬ, ಒಳಗೆ ಹಳೇ ರೇಡಿಯೊದಲ್ಲಿರುವಂಥ ಗಾಜಿನ ವಾಲ್ವುಗಳು. ಸ್ವಿಚ್ ಒತ್ತಿದರೆ ನಿದ್ದೆಯಿಂದ ಎಬ್ಬಿಸಿದ ಒಂಟೆಯ ಹಾಗೆ ನರಳುತ್ತಿತ್ತು. ಕಾದ ಮೇಲೆ ಹೊರಡುವ ನಾದ ಮಾತ್ರ, ಕುದುರೆ ಹಾಲಿಗೆ ಜೇನು ಬೆರೆಸಿದ ಹಾಗೆ.

"ಕೊಟ್ಟುಬಿಡಿ," ಎಂದಳು ಹೆಂಡತಿ ಶಾರ್ಬಾನು. "ನೀವೇ ಎತ್ತಿ ಆಡಿಸಿದ ಹುಡುಗ."

"ನನ್ನನ್ನ ಬೇಕಾದ್ರೆ ಕೇಳ್ಲಿ, ಹೋಗ್ತೀನಿ. ಒಂಟೆ ಇಲ್ಲದೆ ನಾನು ಮದುವೆ ಮನೇಲಿ ಏನ್ ಮಾಡ್ಲಿ, ತಟ್ಟೆ ಬಡೀಲಾ?"

ಮನೆಯಲ್ಲಿ ಇನ್ನೊಂದು ಆಂಪ್ಲಿಫೈಯರ್ ಇಲ್ಲದಿರಲಿಲ್ಲ. ಒಂಟೆಯ ವಾಲ್ವು ಕೆಟ್ಟಾಗ ಇರಲಿ ಎಂದು ಸಂತೆಯಲ್ಲಿ ಕೊಂಡ ತಗಡಿನ ಡಬ್ಬಿ. ಮುಂದೆ ಸಾಲಾಗಿ ನೀಲಿ ದೀಪ, ಒಳಗೆ ಗುಂಯ್‌ಗುಡುವ ಕಣಜದ ಗೂಡು. ಎಲ್ದೋಸ್ ಅದನ್ನೇ ಕೇಳುವ ಹಾಗೆ ಮಾಡಬೇಕು ಎಂದು ತೊಲೆಗೆನ್‌ಗೆ ಹೊಳೆಯಿತು.

ಸಲಹೆ ಕೇಳಲು ಅವನು ಎದುರುಮನೆಯ ವಿಕ್ತೋರ್ ಪಾಕ್‌ನನ್ನು ಕರೆದ. ಅವನು ಲಿಫ್ಟು ರಿಪೇರಿ ಮಾಡುವ ಕೊರಿಯಾ ಮೂಲದ ಗೆಳೆಯ. ಕೆಳಮನೆಯ ರೋಜಾ ಅಕ್ಕ ಕರೆಯದೆಯೇ ಬಂದಳು. ತೊಲೆಗೆನ್ ತಂತಿ ಮುಟ್ಟಿದರೆ ಸಾಕು, ಬೈಯಲು ಮೇಲೆ ಬರುವುದು ಅವಳ ದಿನಚರಿ. ಬೈದ ಮೇಲೆ ಕೂತು ಪೂರ್ತಿ ಕೇಳಿ, ಚಹಾ ಕುಡಿದು ಹೋಗುವುದೂ ದಿನಚರಿಯೇ.

"ಒಂಟೆ ಕೆಟ್ಟದಾಗಿ ಕೇಳಿಸ್ಬೇಕು, ಡಬ್ಬಿ ಚೆನ್ನಾಗಿ ಕೇಳಿಸ್ಬೇಕು. ನೀವು ಹೇಳಿ," ಎಂದು ತೊಲೆಗೆನ್ ಪರೀಕ್ಷೆಗೆ ಕೂತ.

ಆಮೇಲೆ ಅಗ್ಗಕ್ಕೆ ಕೊಂಡಿದ್ದ ಪೆಡಲುಗಳನ್ನು ಹೊರತೆಗೆದು, ದನಿಯನ್ನು ಗರಗಸದಂತೆ ಒರಟು ಮಾಡುವ ಒಂದನ್ನು ಒಂಟೆಗೆ ಕಟ್ಟಿ ಒತ್ತಿದ.

"ಅಯ್ಯೋ, ನಮ್ಮ ಯಜಮಾನರು ಸಿಗರೇಟ್ ಸೇದಿ ಹಾಡ್ತಿದ್ದ ಹಾಗಿದೆ," ಎಂದು ರೋಜಾ ಅಕ್ಕ ಕಣ್ಣೊರೆಸಿಕೊಂಡಳು.

ನಾದವನ್ನು ಅಲುಗಾಡಿಸುವ ಪೆಡಲು ಕಟ್ಟಿದ. "ಕೆರೆ ಮೇಲೆ ಚಂದ್ರ," ಎಂದ ಪಾಕ್. ತೊಲೆಗೆನ್ ಎರಡನ್ನೂ ಸೇರಿಸಿ, ಗುಂಡಿಗಳನ್ನೆಲ್ಲ ತುದಿಯವರೆಗೆ ತಿರುಗಿಸಿದ. "ಈಗ ಚಂದ್ರಂಗೂ ಸ್ವಲ್ಪ ಏರಿದೆ. ಇನ್ನೂ ಚೆನ್ನಾಗಿದೆ," ಎಂದ ಪಾಕ್.

ತಗಡಿನ ಡಬ್ಬಿಗೆ ಅವೇ ಪೆಡಲುಗಳನ್ನು ಒಂದೊಂದಾಗಿ ಕಟ್ಟಿದ. ಮೊದಲನೆಯದಕ್ಕೆ ರೋಜಾ ಅಕ್ಕ ಕೆನ್ನೆ ಹಿಡಿದುಕೊಂಡು "ಹಲ್ಲು ಡಾಕ್ಟ್ರು ಬಂದ್ರು" ಎಂದಳು. ಎರಡನೆಯದಕ್ಕೆ ಪಾಕ್ ಎದ್ದು, ಲಿಫ್ಟು ಸಿಕ್ಕಿಕೊಂಡಿತೇನೋ ಎಂದು ಬಾಗಿಲಾಚೆ ನೋಡಿ ಬಂದ. ಪ್ರತಿಧ್ವನಿಯ ಪೆಡಲು ಹಾಕಿದಾಗ ಹಲ್ಲುನೋವೇ ಬೆಟ್ಟಕ್ಕೆ ಬಡಿದು ವಾಪಸು ಬಂದಂತಾಯಿತು.

"ಇದರ ಹುಟ್ಟುಗುಣ ಕಣಪ್ಪ. ಪೆಡಲು ಏನ್ ಮಾಡುತ್ತೆ ಪಾಪ," ಎಂದ ಪಾಕ್. ತಲೆ ಕೆರೆದುಕೊಂಡ. ಅವನ ದೃಷ್ಟಿ ಮೂಲೆಯಲ್ಲಿ ಸೂರಿನವರೆಗೆ ಪೇರಿಸಿದ್ದ ಶಾರ್ಬಾನುವಿನ ತವರಿನ ರಜಾಯಿಗಳ ಮೇಲೆ ನಿಂತಿತು. "ಡಬ್ಬಿ ಮುಂದಿರಲಿ, ದೀಪ ಉರೀಲಿ, ದನಿ ಮಾತ್ರ ಪೂರ್ತಿ ಇಳಿಸಿಬಿಡು. ಒಂಟೆ ಆ ರಾಶಿಯೊಳಗೆ ಕೂರ್ಲಿ. ಗಿಟಾರಿನ ವೈರು ಜಮಖಾನದ ಅಡೀಲಿ ಒಂಟೆಗೆ ಹೋಗ್ಲಿ. ನೋಡೋದು ಡಬ್ಬಿ, ಕೇಳೋದು ಒಂಟೆ."

ತೊಲೆಗೆನ್ ಅವನನ್ನು ತಬ್ಬಿಕೊಂಡ. "ನಿನ್ನ ಹೊಟ್ಟೆ ತಣ್ಣಗಿರಲಿ ಮಾರಾಯ!"

"ನನ್ನ ರಜಾಯಿ!" ಎಂದಳು ಶಾರ್ಬಾನು. ಯಾರೂ ಕೇಳಿಸಿಕೊಳ್ಳಲಿಲ್ಲ.

ಎಲ್ದೋಸ್ ಬಂದ. ಮೂಗು ಸೋರುತ್ತಿದ್ದ ಹುಡುಗ ಈಗ ಬಾಗಿಲ ತುಂಬ ನಿಲ್ಲುವ ಗಂಡಸು. ಎರಡೂ ಕೈಯಲ್ಲಿ ಮಾವನ ಕೈ ಹಿಡಿದು, ಅತ್ತೆಗೆ ವಂದಿಸಿ, ಚಾಪೆಯ ಮೇಲೆ ಕೂತವನೇ ಸುತ್ತ ನೋಡಿದ.

"ಮಾವ, ಎಲ್ಲಿ ನಮ್ಮ ಒಂಟೆ?"

"ಹೋಯ್ತಪ್ಪ," ಎಂದು ತೊಲೆಗೆನ್ ನಿಟ್ಟುಸಿರಿಟ್ಟ. "ಸುಟ್ಟು ಹೋಯ್ತು. ಈಗ ಎಲ್ಲ ಇದೇ, ಈ ನೀಲಿ ದೀಪದ್ದು. ಏನು ನಾದ ಅಂತೀಯ!"

ಎಲ್ದೋಸ್‌ನ ಮುಖ ಬಾಡಿತು. "ಅದಕ್ಕೆ ಒರಗಿಕೊಂಡೇ ನಾನು ನಿದ್ದೆ ಮಾಡ್ತಿದ್ದೆ ಮಾವ. ನೀವು ದನಿ ಇಳಿಸಿ ನುಡಿಸ್ತಿದ್ರಿ, ನನಗೆ ಎಚ್ಚರ ಆಗ್ಬಾರ್ದು ಅಂತ." ಡಬ್ಬಿಯ ಕಡೆ ತಿರುಗಿದ. "ಇರ್ಲಿ. ಇದ್ರಲ್ಲೇ ಒಂದು ನುಡಿಸಿ."

ಆ ಮಾತಿಗೆ ತೊಲೆಗೆನ್‌ನ ಎದೆಯಲ್ಲಿ ಏನೋ ಚುರುಕ್ಕೆಂದಿತು. ಆದರೂ ಗಿಟಾರ್ ಎತ್ತಿಕೊಂಡ. ತಂತಿ ಮೀಟಿದ. ರಜಾಯಿಗಳ ಹೊಟ್ಟೆಯೊಳಗಿಂದ ಬಂದ ನಾದ, ಉಣ್ಣೆಯಲ್ಲಿ ಸೋಸಿದಂತೆ ಮೆತ್ತಗಾಗಿ, ಎಂದೂ ಇಲ್ಲದಷ್ಟು ಸಿಹಿಯಾಗಿ ಕೋಣೆ ತುಂಬಿತು. ಎಲ್ದೋಸ್ ಡಬ್ಬಿಯ ಮುಂದೆ ಮಂಡಿಯೂರಿ ಕಿವಿ ಇಟ್ಟ.

"ಇದ್ರಿಂದಾನಾ ಮಾವ? ಈ ತಗಡಿಂದಾನಾ?"

"ಮತ್ತೆ? ಹತ್ರ ಹೋಗ್ಬೇಡ, ಹತ್ರ ಹೋದ್ರೆ ಚೆನ್ನಾಗಿ ಕೇಳಿಸಲ್ಲ. ಈ ಕಡೆ, ರಜಾಯಿಗೆ ಒರಗಿ ಕೂತ್ಕೋ... ಬೇಡ ಬೇಡ, ಅಲ್ಲೂ ಬೇಡ! ಬಾಗಿಲ ಹತ್ರ ಕೂತ್ಕೋ!"

ಎರಡನೇ ಹಾಡು ಅರ್ಧಕ್ಕೆ ಬಂದಿತ್ತು. ಸುಟ್ಟ ಉಣ್ಣೆಯ ವಾಸನೆ ಕೋಣೆಗೆ ಬಂತು. ರಜಾಯಿಗಳ ನಡುವಿಂದ ಒಂದು ಎಳೆ ಹೊಗೆ, ಚಿಕ್ಕ ಮಗುವಿನ ಬೆರಳಿನಂತೆ, ಮೇಲೆದ್ದಿತು.

"ಮಾವ, ಏನೋ ಸುಡ್ತಿದೆ."

"ಅದಾ? ನಿಮ್ಮತ್ತೆ ಕುರಿತಲೆ ಸುಡ್ತಿದ್ದಾಳೆ. ನಿನಗೇ ಅಂತ!"

"ನನಗಾ? ಅದು ಹಿರಿಯರ ಮರ್ಯಾದೆಗೆ ಇಡೋದು, ಅಪ್ಪ ಬದುಕಿರೋವಾಗ ನಾನು ಕುರಿತಲೆ ಮುಟ್ಟೋ ಹಾಗಿಲ್ವಲ್ಲ ಮಾವ!"

ತೊಲೆಗೆನ್ ನಾಲಿಗೆ ಕಚ್ಚಿಕೊಂಡ. "ಹಾಂ... ನಿನಗಲ್ಲ. ರೋಜಾ ಅಕ್ಕನಿಗೆ."

"ನನಗೆ ಕುರಿತಲೆ!" ಹಾಡು ಕೇಳಿ ಆಗಷ್ಟೇ ಮೇಲೆ ಬಂದ ರೋಜಾ ಅಕ್ಕ ಬಾಗಿಲಲ್ಲೇ ಎದೆ ಮೇಲೆ ಕೈಯಿಟ್ಟಳು. "ಇಷ್ಟು ವರ್ಷ ಬೈದಿದ್ದಕ್ಕೆ ಇಷ್ಟು ಮರ್ಯಾದೆ! ದೇವರು ನಿನ್ನ ಚೆನ್ನಾಗಿಟ್ಟಿರಲಿ ಕಣೋ ತೊಲೆಗೆನ್."

ಹೊಗೆ ಕಾಣಬಾರದೆಂದು ತೊಲೆಗೆನ್ ನುಡಿಸುತ್ತಲೇ ಹೋಗಿ ರಜಾಯಿ ರಾಶಿಗೆ ಬೆನ್ನು ಒತ್ತಿ ನಿಂತ. ಉಣ್ಣೆಯ ಹಿಂದೆ ಒಂಟೆ ಕೆಂಡವಾಗಿತ್ತು. ಮೊದಲು ಬಲಗಾಲು ಎತ್ತಿದ. ಆಮೇಲೆ ಎಡಗಾಲು. ಆಮೇಲೆ ಎರಡನ್ನೂ. ಬೆವರು ಸುರಿಯಿತು, ಬಾಯಿಂದ "ಹಾ! ಹಾ!" ಎಂಬ ಉದ್ಗಾರ ಹೊರಟಿತು, ಬೆರಳುಗಳು ತಂತಿಯ ಮೇಲೆ ಮನೆಗೆ ಬೆಂಕಿ ಬಿದ್ದವರ ಹಾಗೆ ಓಡಿದವು.

ಎಲ್ದೋಸ್‌ನ ಕಣ್ಣು ತುಂಬಿ ಬಂತು. "ಇಂಥಾ ಆವೇಶ ನಾನು ಅಲ್ಮಾಟೀಲೂ ನೋಡಿಲ್ಲ ಅತ್ತೆ."

"ನಾನೂ ನೋಡಿಲ್ಲ," ಎಂದಳು ಶಾರ್ಬಾನು. ಅವಳ ಕಣ್ಣು ರಜಾಯಿಗಳ ಮೇಲಿತ್ತು. ಕೊನೆಗೆ ತಡೆಯಲಾರದೆ ಕಿರುಚಿದಳು: "ಪಾಕ್! ಕರೆಂಟು!"

ಹೊರಗೆ ಕಾವಲು ನಿಂತಿದ್ದ ಪಾಕ್ ಮೆಟ್ಟಿಲ ಬಳಿಯ ಫ್ಯೂಸು ಕಿತ್ತ. ಇಡೀ ಕಟ್ಟಡದ ಕರೆಂಟು ಹೋಯಿತು. ನೀಲಿ ದೀಪ ಆರಿತು. ನಾದ ನಿಂತಿತು. ಮೇಲಿನ ಮಹಡಿಯಿಂದ ಯಾರೋ ಪಾಕ್‌ನ ವಂಶವನ್ನೆಲ್ಲ ಸ್ಮರಿಸಿದರು.

ಎಲ್ದೋಸ್ ಎದ್ದ. ಬಾಲ್ಕನಿಗೆ ಹೋಗಿ ಅಮ್ಮನಿಗೆ ಫೋನು ಮಾಡಿದ. ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಾವ, ಇದನ್ನ ಎಲ್ಲಿ ತಗೊಂಡ್ರಿ?" ಎಂದ. "ನಮ್ಮ ಸಂತೇಲೇ," ಎಂದ ತೊಲೆಗೆನ್, ಬೆನ್ನು ಉಜ್ಜಿಕೊಳ್ಳುತ್ತ. "ಒಂದು ಗಳಿಗೆ, ಬಂದೆ," ಎಂದು ಅಳಿಯ ಕಾರು ಹತ್ತಿ ಹೋದ.

ಆ ಗಳಿಗೆಯಲ್ಲಿ ನಾಲ್ವರೂ ಸೇರಿ ಒಂಟೆಯನ್ನು ಹೊರಗೆಳೆದರು. ಮೈಯೆಲ್ಲ ಬಿಸಿ, ಆದರೆ ಜೀವ ಇತ್ತು. ಎರಡು ರಜಾಯಿಗೆ ಚಪಾತಿಯಷ್ಟಗಲ ತೂತು. ಶಾರ್ಬಾನು ತೂತಿನಿಂದ ಗಂಡನ ಮುಖವನ್ನು ನೋಡಿದಳು. ತೊಲೆಗೆನ್ ತೂತಿನ ಈ ಕಡೆಯಿಂದಲೇ ಕೈಮುಗಿದ. ಒಂಟೆಯನ್ನು ಪಾಕ್‌ನ ಮನೆಗೆ ಸಾಗಿಸಿದರು.

ಎಲ್ದೋಸ್ ವಾಪಸು ಬಂದಾಗ ಅವನ ಎರಡೂ ಕಂಕುಳಲ್ಲಿ ಒಂದೊಂದು ರಟ್ಟಿನ ಪೆಟ್ಟಿಗೆ. ಇಳಿಸಿ, ಬಿಚ್ಚಿದ. ಎರಡು ತಗಡಿನ ಡಬ್ಬಿ. ಮುಂದೆ ಸಾಲಾಗಿ ನೀಲಿ ದೀಪ.

"ಮಾವ, ಇದು ನನ್ನ ಮೂರನೇ ಮಾತು," ಎಂದ. "ನೀವು ಬೇಡ ಅನ್ನದೆ ತಗೋಬೇಕು. ಇಷ್ಟು ದಿನ ಕೇಳಿ ಕೇಳಿ ತಗೊಂಡವನು ನಾನು. ಕೆಂಪು ಗಿಟಾರ್ ಕೊಟ್ಟು ಎಷ್ಟು ಮದುವೇಲಿ ಸಾಲದ ಗಿಟಾರ್ ಹಿಡಿದು ನಿಂತ್ರೋ, ಅಮ್ಮ ಎಲ್ಲ ಹೇಳಿದ್ದಾಳೆ. ನನ್ನ ಅನ್ನ ನಿಮ್ಮ ಕೈಯಿಂದ ಬಂದಿದ್ದು ಮಾವ."

ಒಂಟೆಗಾಗಿ ಬೆಳಗಿಂದ ಇವನನ್ನು ಕಳ್ಳನ ಹಾಗೆ ಕಂಡಿದ್ದು ನೆನಪಾಗಿ ತೊಲೆಗೆನ್‌ನ ಕಿವಿ ಬಿಸಿಯಾಯಿತು. "ಎಲ್ದೋಸ್, ನಾನೊಂದು ನಿಜ ಹೇಳ್ಬೇಕು..."

"ಮೊದ್ಲು ನಾನು ಹೇಳ್ತೀನಿ, ನಗ್ಬೇಡಿ," ಎಂದು ಎಲ್ದೋಸ್ ಫೋನಿನಲ್ಲಿ ಒಂದು ಫೋಟೊ ತೆಗೆದು ತೋರಿಸಿದ. ಕಂದು ಮರದ ಪೆಟ್ಟಿಗೆ. ಹಿಂದೆ ಸಾಲಾಗಿ ವಾಲ್ವುಗಳು, ಸಂಜೆಯ ಬಣ್ಣದಲ್ಲಿ ಹೊಳೆಯುತ್ತಿದ್ದವು. ಒಂಟೆಗೆ ಒಬ್ಬ ತಮ್ಮ ಹುಟ್ಟಿ, ಪಟ್ಟಣದಲ್ಲಿ ಓದಿ ಬಂದಿದ್ದರೆ ಹೀಗಿರುತ್ತಿದ್ದ. "ಅಲ್ಮಾಟೀಲಿ ಅಂಗಡಿ ಅಂಗಡಿ ಅಲೆದೆ. ಕಣ್ಣು ಮುಚ್ಚಿ ಒಂದೊಂದೇ ಕೇಳ್ದೆ, ಯಾವುದು ಒಂಟೆ ಹಾಗಿದೆ ಅಂತ. ಇದು ಸಿಕ್ತು. ಕಾರಲ್ಲಿ ತಂದಿದ್ದೆ, ನಿಮಗೆ ಅಂತ."

"ತಂದಿದ್ದೆ?" ಎಂದ ತೊಲೆಗೆನ್.

"ನಿಮ್ಮ ಡಬ್ಬಿ ಕೇಳಿದ ಮೇಲೆ ಇದನ್ನ ಮೇಲೆ ತರೋಕೆ ನಾಚಿಕೆ ಆಯ್ತು ಮಾವ. ಒಂಟೆಗಿಂತ ಒಂಟೆ ಹಾಗಿದೆಯಲ್ಲ ನಿಮ್ಮ ಡಬ್ಬಿ! ನಿಮ್ಮ ಸಂತೆಯವನಿಗೇ ಅದನ್ನ ಕೊಟ್ಟೆ. ಅದರ ಬದಲಿಗೆ ಇಂಥವು ಎರಡು ಕೊಟ್ಟ. ಒಂದಕ್ಕೆ ಎರಡು! ಪಾಪ, ಒಳ್ಳೇ ಮನುಷ್ಯ. ಖುಷಿಗೆ ನನ್ನ ಕೆನ್ನೆಗೆ ಮುತ್ತು ಕೊಟ್ಟ."

ರೋಜಾ ಅಕ್ಕ ಮತ್ತೆ ಕೆನ್ನೆ ಹಿಡಿದುಕೊಂಡಳು.

"ಈಗ ನೀವೇನೋ ನಿಜ ಹೇಳ್ಬೇಕು ಅಂದ್ರಲ್ಲ ಮಾವ?"

ತೊಲೆಗೆನ್ ಅಳಿಯನ ಮುಖ ನೋಡಿದ. ರಾತ್ರಿಯೆಲ್ಲ ಕಾರು ಓಡಿಸಿ ಕೆಂಪಾದ ಕಣ್ಣು, ಅದರಲ್ಲಿ ಹುಟ್ಟುಹಬ್ಬದ ಮಗುವಿನ ಸಂತೋಷ. ಡಬ್ಬಿಗಳನ್ನು ನೋಡಿದ. ಬೇಡ ಅಂದರೆ ಕೈ ನಡುಗೀತು ಅನ್ನುವುದು ಆ ಹೊತ್ತಿಗೆ ಅವನ ನೆನಪಿಗೂ ಬರಲಿಲ್ಲ.

"ನಿಜ ಏನಂದ್ರೆ," ಎಂದು ಎಲ್ದೋಸ್‌ನನ್ನು ಎದೆಗೆ ಒತ್ತಿಕೊಂಡ, "ಇಷ್ಟು ಪ್ರೀತಿಯಿಂದ ನನಗೆ ಯಾರೂ ಏನೂ ತಂದುಕೊಟ್ಟಿಲ್ಲ ಕಣೋ." ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಸಂಜೆ ಎಲ್ದೋಸ್ ಹೊರಟ. ಎಲ್ಲರೂ ಬಾಲ್ಕನಿಯಲ್ಲಿ ನಿಂತು ಕೈ ಬೀಸಿದರು. ತೊಲೆಗೆನ್‌ನ ಕೆನ್ನೆ ಒದ್ದೆಯಾಗಿತ್ತು.

"ಹುಡುಗ ಹೊರಟ ಅಂತ ಅಳ್ತೀಯೋ, ಆ ಮರದ ಪೆಟ್ಟಿಗೆ ಹೋಯ್ತು ಅಂತಲೋ?" ಎಂದಳು ರೋಜಾ ಅಕ್ಕ.

"ಎರಡನ್ನೂ ಬೇರೆ ಮಾಡೋಕೆ ಆಗ್ತಿಲ್ಲ ಅಕ್ಕ. ಆದ್ರೆ ಒಳ್ಳೇ ಅಳು."

ಕೆಳಗೆ ಕಾರಿನ ಗಾಜು ಇಳಿಯಿತು. "ಮಾವಾ! ಹೇಳೋದೇ ಮರ್ತೆ! ಶರತ್ಕಾಲದಲ್ಲಿ ನನ್ನ ಮದುವೆ. ನೀವೇ ನುಡಿಸ್ಬೇಕು. ಆ ಮೂರೂ ಡಬ್ಬಿ ಸಾಲಾಗಿ ಮುಂದಿಟ್ಟು, ದನಿ ಪೂರ್ತಿ ಏರಿಸಿ!"

"ಆಗ್ಲಪ್ಪ!" ಎಂದು ತೊಲೆಗೆನ್ ಎರಡೂ ಕೈ ಎತ್ತಿ ಕೂಗಿದ.

ರೋಜಾ ಅಕ್ಕ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಗುತ್ತ ಕೈ ಬೀಸಿದಳು. ಆಮೇಲೆ ತಿರುಗಿ, "ತಾರೀಕು ಗೊತ್ತಾದ ತಕ್ಷಣ ಹೇಳ್ಬಿಡು ಕಣೋ," ಎಂದಳು. "ಆ ವಾರ ನಾನು ಮಗಳ ಊರಿಗೆ ಹೋಗಿರ್ತೀನಿ."